ಹೊಳೆ ಸೇರುವ ಮುನ್ನ ಎರಡು ಅಡಿ ಮಣ್ಣು

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದೊಳಗೆ ಲಾಂಗ್‌ಫೆಲೋ ಎಂಬ ಸಣ್ಣ ತೊರೆ ಹರಿಯುತ್ತದೆ. ಊರು ಬೆಳೆದಂತೆ ತೊರೆಯ ಒಂದಷ್ಟು ಭಾಗ ಕೊಳವೆಯೊಳಗೆ ಸೇರಿಹೋಯಿತು. ಉಳಿದದ್ದು ಮನೆಗಳ ಹಿತ್ತಿಲು, ರಸ್ತೆ, ಸೇತುವೆಗಳ ನಡುವೆ ದಾರಿ ಮಾಡಿಕೊಂಡು ಸಮುದ್ರದ ಕಡೆ ಸಾಗುತ್ತದೆ. 1990ರ ದಶಕದಲ್ಲಿ ಇಂಥ ತೊರೆಗಳನ್ನು ಬದುಕಿಸುವ ಕೆಲಸ ಅಲ್ಲಿ ಭರದಿಂದ ನಡೆಯಿತು. ಮೀನು ಹತ್ತಲಾಗದ ಅಡ್ಡಗಳನ್ನು ತೆಗೆದರು, ದಡದಲ್ಲಿ ಗಿಡ ನೆಟ್ಟರು, ಮೊಟ್ಟೆಯಿಡಲು ಬೇಕಾದ ನುರುಜುಗಲ್ಲು ಹಾಸಿದರು. ಕೋಹೋ ಸಾಲ್ಮನ್ ಮೀನುಗಳು ನಿಜಕ್ಕೂ ಮರಳಿ ಬಂದವು. ಆದರೆ ಬಂದವು ಸತ್ತವು.

ಸಾಲ್ಮನ್ ತೊರೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ತೊರೆಗೇ ಬಂದು, ಸಂತಾನದ ಕೆಲಸ ಮುಗಿದ ಮೇಲೆ ಸಾಯುವ ಮೀನು. ಹಾಗಾಗಿ ಶರತ್ಕಾಲದ ತೊರೆಯಲ್ಲಿ ಸತ್ತ ಸಾಲ್ಮನ್ ಕಂಡರೆ ಯಾರಿಗೂ ಅಚ್ಚರಿಯಿಲ್ಲ. ಅಚ್ಚರಿ ಹುಟ್ಟಿಸಿದ್ದು ಹೆಣ್ಣುಮೀನುಗಳ ಹೊಟ್ಟೆ. ಸೀಳಿ ನೋಡಿದರೆ ಮೊಟ್ಟೆಗಳೆಲ್ಲ ಹಾಗೇ ಇದ್ದವು. ಮಳೆ ಸುರಿದ ಕೆಲವೇ ಗಂಟೆಗಳಲ್ಲಿ ಪುಷ್ಟವಾದ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ರೆಕ್ಕೆಗಳು ಸೆಟೆದುಕೊಳ್ಳುತ್ತಿದ್ದವು. ತೋಲ ತಪ್ಪಿ ಸುತ್ತುತ್ತ ಪಕ್ಕಕ್ಕೆ ವಾಲಿ ಸಾಯುತ್ತಿತ್ತು. ನಗರದ ತೊರೆಗಳಿಗೆ ಬಂದ ಕೋಹೋಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕೆಲವು ವರ್ಷ ಬಹುಪಾಲು, ಹೀಗೆ ಮೊಟ್ಟೆಯಿಡುವ ಮೊದಲೇ ಹೋದವು. ಅದೇ ಜಾತಿಯ ಮೀನು ಕಾಡಿನ ತೊರೆಗಳಲ್ಲಿ ನೆಮ್ಮದಿಯಾಗಿ ಮೊಟ್ಟೆಯಿಡುತ್ತಿತ್ತು.

ವಿಜ್ಞಾನಿಗಳು ಒಂದೊಂದೇ ಶಂಕೆಯನ್ನು ಕೈಬಿಡುತ್ತ ಬಂದರು. ನೀರಿನಲ್ಲಿ ಆಮ್ಲಜನಕ ಸಾಕಷ್ಟಿತ್ತು. ನೀರು ತಂಪಾಗಿತ್ತು. ರೋಗದ ಸುಳಿವು ಸಿಗಲಿಲ್ಲ. ಕೀಟನಾಶಕದ ಮೇಲೂ ಅಪರಾಧ ಹೊರಿಸಲಾಗಲಿಲ್ಲ. ಉಳಿದ ಸುಳಿವು ಒಂದೇ: ತೊರೆಯ ಸುತ್ತ ಎಷ್ಟು ರಸ್ತೆ, ಎಷ್ಟು ವಾಹನವೋ ಅಷ್ಟು ಸಾವು. ಕೊಲ್ಲುತ್ತಿದ್ದುದು ರಸ್ತೆಯಿಂದ ಹರಿದುಬಂದ ಮಳೆನೀರು. ಆದರೆ ಆ ನೀರಿನಲ್ಲಿ ಇರುವುದಾದರೂ ಏನೇನು? ಎಂಜಿನ್ ಎಣ್ಣೆ, ಬ್ರೇಕ್ ಪ್ಯಾಡಿನ ತಾಮ್ರ, ಟೈರಿನ ಸತು, ಅರೆಬರೆ ಉರಿದ ಇಂಧನದ ಮಸಿ, ಡಾಂಬರಿನ ಅಂಶ, ಹೆಸರು ಹೇಳಲು ಬಾರದ ಸಾವಿರಾರು ರಾಸಾಯನಿಕಗಳು. ತಾಮ್ರ ಮತ್ತು ಸತುವನ್ನು, ಮಸಿಯಲ್ಲಿರುವ ಪಿಎಎಚ್ ಎಂಬ ಹೈಡ್ರೋಕಾರ್ಬನ್‌ಗಳನ್ನು ಹದವಾಗಿ ಬೆರೆಸಿ ಕೃತಕ ರಸ್ತೆನೀರು ತಯಾರಿಸಿ ಮೀನುಗಳನ್ನು ಅದರಲ್ಲಿ ಬಿಟ್ಟು ನೋಡಿದರು. ಮೀನು ಸಾಯಲಿಲ್ಲ.

ಈ ಕಗ್ಗಂಟು ಬಿಡಿಸುವ ಮೊದಲೇ ಮಾಡಿದ ಇನ್ನೊಂದು ಪ್ರಯೋಗ ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ಜೀವಾಳ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ನೋವಾ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪುಯಲಪ್ ಸಂಶೋಧನಾ ಕೇಂದ್ರ ಮತ್ತು ಸುಕ್ವಾಮಿಷ್ ಎಂಬ ಸ್ಥಳೀಯ ಬುಡಕಟ್ಟಿನ ಮೀನುಮರಿ ಕೇಂದ್ರ ಇದರಲ್ಲಿ ಕೈಜೋಡಿಸಿದ್ದವು. ಸಿಯಾಟಲ್‌ನ ಹೆದ್ದಾರಿಯೊಂದರಿಂದ ಇಳಿದ ಮಳೆನೀರನ್ನು ಹಿಡಿದು ತಂದರು. ಒಂದು ಪಾಲನ್ನು ಹಾಗೇ ಇಟ್ಟರು. ಇನ್ನೊಂದು ಪಾಲನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಮಣ್ಣಿನ ಮೂಲಕ ಇಳಿಸಿದರು. ಪೀಪಾಯಿಯ ತಳದಲ್ಲಿ ಜಲ್ಲಿ, ಅದರ ಮೇಲೆ ಸುಮಾರು ಎರಡು ಅಡಿ ಮರಳು ಮತ್ತು ಕಾಂಪೋಸ್ಟಿನ ಮಿಶ್ರಣ, ಎಲ್ಲಕ್ಕೂ ಮೇಲೆ ಮರದ ತೊಗಟೆಯ ತೆಳು ಹೊದಿಕೆ. ಅಷ್ಟೇ. ಸೋಸದ ನೀರಿನಲ್ಲಿ ಬಿಟ್ಟ ದೊಡ್ಡ ಮೀನುಗಳು ಒಂದು ದಿನ ಕಳೆಯುವುದರೊಳಗೆ ಸತ್ತವು. ಮಣ್ಣಿನಿಂದ ಇಳಿದ ನೀರಿನಲ್ಲಿ ಬಿಟ್ಟ ಮೀನುಗಳು ಬಾವಿನೀರಿನಲ್ಲಿದ್ದವುಗಳಂತೆಯೇ ಬದುಕಿದವು. ಸೋಸಿದ ನೀರನ್ನು ಅಳೆದು ನೋಡಿದಾಗ ಪಿಎಎಚ್ 90%ಕ್ಕಿಂತ ಹೆಚ್ಚು ಇಳಿದಿತ್ತು. ಲೋಹಗಳು ಮಾತ್ರ ಅರ್ಧಕ್ಕಿಂತ ತುಸು ಹೆಚ್ಚು ಇಳಿದಿದ್ದವು. ಈ ಫಲಿತಾಂಶ 2016ರ ಹೊತ್ತಿಗೆ ಪ್ರಕಟವಾಗಿತ್ತು. ಕೊಂದ ವಿಷದ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಮಣ್ಣು ಅದನ್ನು ತಡೆದಾಗಿತ್ತು.

ಎರಡು ಅಡಿ ಮಣ್ಣಿನೊಳಗೆ ನಡೆಯುವುದೇನು?

ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮರಳಿನಲ್ಲಿ ವರತೆ ತೋಡಿ ನೀರು ತುಂಬಿಕೊಂಡವರಿಗೆ ಸೋಸುವಿಕೆಯ ಮೊದಲ ಪಾಠ ಬೇರೆ ಹೇಳಬೇಕಿಲ್ಲ. ಮರಳಿನ ಕಣಗಳ ನಡುವಿನ ಸಂದಿಯಲ್ಲಿ ನೀರು ನಿಧಾನವಾಗಿ ತೂರುವಾಗ ಅದರಲ್ಲಿ ತೇಲುವ ಧೂಳು, ಮಸಿ, ರಬ್ಬರಿನ ಪುಡಿ ಸಿಕ್ಕಿಕೊಳ್ಳುತ್ತವೆ. ರಸ್ತೆನೀರಿನ ಕೊಳೆಯಲ್ಲಿ ದೊಡ್ಡ ಪಾಲು ಈ ಕಣಗಳಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಕಣ ನಿಂತರೆ ಅರ್ಧ ಕೆಲಸ ಮುಗಿದಂತೆ. ವರ್ಷಗಟ್ಟಲೆ ಕೆಲಸ ಮಾಡಿದ ಸೋಸುಪಾತಿಯೊಂದನ್ನು ಸೀಳಿ ನೋಡಿದರೆ ಕಪ್ಪಾಗಿ ಮಂದವಾಗಿರುವುದು ಮೇಲಿನ ಗೇಣುದ್ದದ ಪದರ. ಸೀಸ, ಸತು, ತಾಮ್ರ ಹೆಚ್ಚಾಗಿ ಶೇಖರವಾಗುವುದೂ ಅಲ್ಲೇ. ಕೆಳಗಿನ ಮಣ್ಣು ಬಹುಪಾಲು ಹೊಸದರಂತೆಯೇ ಇರುತ್ತದೆ.

ನೀರಿನಲ್ಲಿ ಕರಗಿಹೋದದ್ದನ್ನು ಹಿಡಿಯುವುದು ಬೇರೆಯೇ ಕೆಲಸ. ಅದು ಮರಳಿನಿಂದ ಆಗುವುದಿಲ್ಲ. ಕಾಂಪೋಸ್ಟಿನಲ್ಲಿರುವ ಹ್ಯೂಮಸ್ ಮತ್ತು ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ತಾಮ್ರ, ಸತು, ಅಮೋನಿಯಂ ಧನ ಅಯಾನುಗಳು. ಅವು ಹಾದುಹೋಗುವಾಗ ಆ ಮೈಗೆ ಅಂಟಿಕೊಂಡು, ಅಲ್ಲಿ ಮೊದಲೇ ಕೂತಿದ್ದ ಕ್ಯಾಲ್ಸಿಯಂ, ಸೋಡಿಯಂಗಳನ್ನು ಎಬ್ಬಿಸಿ ಕಳಿಸುತ್ತವೆ. ಎಣ್ಣೆಯ ಜಾತಿಯ ವಸ್ತುಗಳಿಗೆ ವಿದ್ಯುದಂಶ ಬೇಕಿಲ್ಲ. ನೀರೆಂದರೆ ಅವಕ್ಕೆ ಆಗದು, ಆದ್ದರಿಂದ ಕೊಳೆತ ಎಲೆ, ತೊಗಟೆಗಳ ಇಂಗಾಲದಲ್ಲಿ ಹುದುಗಿಬಿಡುತ್ತವೆ. ಮಳೆ ನಿಂತ ಮೇಲೆ ಮಣ್ಣಿಗೆ ಗಾಳಿ ಸೇರುತ್ತದೆ. ಆಗ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಹಿಡಿದಿಟ್ಟ ಎಣ್ಣೆಯನ್ನು ನಿಧಾನವಾಗಿ ತಿಂದು ಮುಗಿಸುತ್ತವೆ. ಎರಡು ಮಳೆಗಳ ನಡುವಿನ ಬಿಡುವಿನಲ್ಲಿ ನಡೆಯುವ ಈ ಕೆಲಸದಿಂದಾಗಿಯೇ ಮಣ್ಣಿನ ಸೋಸುಕ ಒಂದೆರಡು ಮಳೆಗೆ ತುಂಬಿಹೋಗುವುದಿಲ್ಲ. ಲೋಹಗಳನ್ನು ಮಾತ್ರ ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಅವು ಅಲ್ಲೇ ಇರುತ್ತವೆ, ದಿನದಿಂದ ದಿನಕ್ಕೆ ಕೂಡುತ್ತವೆ.

ಇದನ್ನು ನಗರದ ಎಂಜಿನಿಯರಿಂಗಿಗೆ ತಂದವರು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯವರು. 1990ರ ದಶಕದ ಆರಂಭದಲ್ಲಿ, ಮನೆಗಳ ಮುಂದೆ ತಗ್ಗಾದ ಗಿಡದ ಪಾತಿ ಮಾಡಿ ಬೀದಿಯ ನೀರನ್ನು ಅದಕ್ಕೆ ತಿರುಗಿಸುವ ಪದ್ಧತಿ ಅಲ್ಲಿ ರೂಪುಗೊಂಡಿತು. ರೇನ್ ಗಾರ್ಡನ್ ಎಂಬ ಹೆಸರಿನಲ್ಲಿ ಅದು ಜಗತ್ತಿನೆಲ್ಲೆಡೆ ಹೋಯಿತು. ನೋಡಲು ಹೂತೋಟ. ಒಳಗಿನದು ಅಳೆದು ಬೆರೆಸಿದ ಮಣ್ಣು.

ಆ ಅಳತೆಯೇ ಕಷ್ಟದ ವಿಷಯ. ಜೇಡಿ ಹೆಚ್ಚಿದ್ದರೆ ಲೋಹ ಚೆನ್ನಾಗಿ ಹಿಡಿಯುತ್ತದೆ, ಆದರೆ ನೀರು ಇಳಿಯುವುದಿಲ್ಲ. ಮರಳು ಹೆಚ್ಚಿದ್ದರೆ ನೀರು ಸರಾಗ, ಹಿಡಿತ ಕಡಿಮೆ. ವಾಷಿಂಗ್ಟನ್ ರಾಜ್ಯದಲ್ಲಿ ಬಹುಕಾಲ ಬಳಸಿದ ಸಾಮಾನ್ಯ ಹದ 60 ಪಾಲು ಮರಳು, 40 ಪಾಲು ಕಾಂಪೋಸ್ಟ್. ಮೀನನ್ನು ಉಳಿಸಿದ ಪೀಪಾಯಿಗಳಲ್ಲಿದ್ದದ್ದೂ ಮರಳು–ಕಾಂಪೋಸ್ಟೇ. ಆದರೆ ಈ ಹದಕ್ಕೂ ಒಂದು ದೋಷ ಅಂಟಿಕೊಂಡಿದೆ, ಅದನ್ನು ಮುಚ್ಚಿಟ್ಟು ಮಣ್ಣಿನ ಗುಣಗಾನ ಮಾಡುವುದು ಸರಿಯಲ್ಲ. ಕಾಂಪೋಸ್ಟ್ ಎಂದರೆ ಗೊಬ್ಬರ. ಹೊಸದಾಗಿ ತುಂಬಿದ ಪಾತಿಯಿಂದ ಮೊದಲ ಮಳೆಗಳಲ್ಲಿ ರಂಜಕ, ಸಾರಜನಕ, ಕೆಲವೊಮ್ಮೆ ತಾಮ್ರವೂ ತೊಳೆದು ಹೊರಬರುತ್ತದೆ. ಒಳಹೋದ ನೀರಿಗಿಂತ ಹೊರಬಂದ ನೀರಿನಲ್ಲೇ ರಂಜಕ ಹೆಚ್ಚಿರುವುದು ಅಪರೂಪವೇನಲ್ಲ. ಆ ನೀರು ಕೆರೆಗೆ ಸೇರಿದರೆ ಪಾಚಿಗೆ ಹಬ್ಬ. ಮೀನನ್ನು ವಿಷದಿಂದ ಉಳಿಸಿದ ಮಿಶ್ರಣವೇ ಇನ್ನೊಂದೆಡೆ ಕೆರೆಯ ಉಸಿರು ಕಟ್ಟಿಸಬಹುದು.

ಇದಕ್ಕೆ ಸಿಕ್ಕ ಮದ್ದು ಅನಿರೀಕ್ಷಿತ ಕಡೆಯಿಂದ ಬಂತು. ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ ನದಿನೀರಿಗೆ ಪಟಿಕ ಬೆರೆಸಿ ಕೆಸರನ್ನು ತಳಕ್ಕೆ ಕೂರಿಸುತ್ತಾರಲ್ಲ, ಆ ಗಸಿಯ ತುಂಬ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದು ರಂಜಕವನ್ನು ಕಂಡರೆ ಬಿಡುವುದಿಲ್ಲ. ಎಲ್ಲಿ ಸುರಿಯುವುದೆಂದು ಘಟಕಗಳು ತಲೆ ಕೆಡಿಸಿಕೊಳ್ಳುವ ಈ ಗಸಿಯನ್ನು ಒಣಗಿಸಿ ಸೋಸುಮಣ್ಣಿಗೆ ಸ್ವಲ್ಪ ಪ್ರಮಾಣದಲ್ಲಿ ಬೆರೆಸಿದರೆ ರಂಜಕ ಅಲ್ಲೇ ನಿಲ್ಲುತ್ತದೆ.

ನೈಟ್ರೇಟಿನದು ಇನ್ನೂ ಜಾಣ ಆಟ. ಅದು ಋಣ ಅಯಾನು, ಮಣ್ಣಿನ ಋಣ ಮೈಗೆ ಅಂಟುವುದೇ ಇಲ್ಲ, ನೀರಿನ ಜೊತೆ ನೇರ ಜಾರಿಹೋಗುತ್ತದೆ. ಸಾಲದ್ದಕ್ಕೆ, ಮಣ್ಣು ಹಿಡಿದಿಟ್ಟ ಅಮೋನಿಯಂ ಅನ್ನು ಬಿಡುವಿನ ದಿನಗಳಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ, ಮುಂದಿನ ಮಳೆ ಅದನ್ನು ತೊಳೆದೊಯ್ಯುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಲೆನ್ ಡೇವಿಸ್ ಮತ್ತು ಸಂಗಡಿಗರು ಈ ಸಮಸ್ಯೆಗೆ ಸರಳವಾದ ಉಪಾಯ ಹೂಡಿದರು. ಹೊರಹೋಗುವ ಕೊಳವೆಯ ಬಾಯನ್ನು ಮೇಲಕ್ಕೆ ಬಗ್ಗಿಸಿದರೆ ಪಾತಿಯ ತಳದಲ್ಲಿ ಸದಾ ಒಂದಷ್ಟು ನೀರು ನಿಂತಿರುತ್ತದೆ. ಅಲ್ಲಿ ಮರದ ಚೂರು ಅಥವಾ ಹರಿದ ಕಾಗದದಂಥ ಇಂಗಾಲದ ಆಹಾರ ಹಾಕಿಟ್ಟರೆ, ಗಾಳಿಯಿಲ್ಲದೆಯೂ ಬದುಕುವ ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಮ್ಲಜನಕವನ್ನು ಕಿತ್ತುಕೊಂಡು ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಒಂದೇ ಪಾತಿಯಲ್ಲಿ ಮೇಲೆ ಗಾಳಿಯಾಡುವ ಮಣ್ಣು, ಕೆಳಗೆ ಗಾಳಿಯಿಲ್ಲದ ಕೊಳ. ಕೊಳವೆಯ ಒಂದು ತಿರುವು ಮಾಡುವ ಕೆಲಸ ಇದು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮೊನಾಶ್ ವಿಶ್ವವಿದ್ಯಾಲಯದವರು ನೂರಕ್ಕೂ ಹೆಚ್ಚು ಮಣ್ಣಿನ ಕಂಬಗಳನ್ನು ನಿಲ್ಲಿಸಿ, ಬೇರೆ ಬೇರೆ ಗಿಡ, ಬೇರೆ ಬೇರೆ ಮಣ್ಣು ಹಾಕಿ ಹೋಲಿಸಿದರು. ಗಿಡದ ಆಯ್ಕೆ ಬರೀ ಚೆಂದಕ್ಕಲ್ಲ ಎಂಬುದು ಅಲ್ಲಿ ಖಚಿತವಾಯಿತು. ಕ್ಯಾರೆಕ್ಸ್ ಅಪ್ರೆಸ್ಸಾ ಎಂಬ ಜೊಂಡಿನ ಜಾತಿಯ ಹುಲ್ಲು ತನ್ನ ನವಿರಾದ ದಟ್ಟ ಬೇರಿನಿಂದ ಸಾರಜನಕವನ್ನು ಚೆನ್ನಾಗಿ ತೆಗೆಯಿತು. ಕೆಲವು ಗಿಡಗಳು ಇದ್ದೂ ಇಲ್ಲದಂತಿದ್ದವು. ದಪ್ಪ ಬೇರುಗಳು ಮಣ್ಣನ್ನು ಸಡಿಲಿಸಿ ದಾರಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತಿದ್ದವು. ಇನ್ನೊಂದು ಸಂಗತಿ ನಮಗೆ ಮುಖ್ಯವಾದದ್ದು. ವಾರಗಟ್ಟಲೆ ಮಳೆಯಿಲ್ಲದೆ ಪಾತಿ ಒಣಗಿದರೆ, ಅದರ ನಂತರದ ಮೊದಲ ಮಳೆಗೆ ಸೋಸುವ ಶಕ್ತಿ ಕುಂದಿರುತ್ತದೆ. ತಳದಲ್ಲಿ ನೀರು ನಿಲ್ಲಿಸುವ ಆ ಬಗ್ಗಿದ ಕೊಳವೆ ಅಲ್ಲಿಯೂ ಕೈಹಿಡಿಯಿತು. ಗಿಡದ ಬೇರಿಗೆ ಬರಗಾಲದ ಬುತ್ತಿ ಅದೇ ಆಯಿತು.

ವೇಗದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು, ಇಲ್ಲದಿದ್ದರೆ ಆಸೆ ಅತಿಯಾಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 1000 ಚದರ ಮೀಟರ್ ರಸ್ತೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ 25,000 ಲೀಟರ್. ರಸ್ತೆಯ ವಿಸ್ತಾರದ 5% ಜಾಗ, ಅಂದರೆ 50 ಚದರ ಮೀಟರ್ ಪಾತಿ ಇದೆಯೆನ್ನಿ. ಗಂಟೆಗೆ 150 ಮಿ.ಮೀ. ನೀರು ಇಳಿಸುವ ಮಣ್ಣು ಆ ಪಾತಿಯಲ್ಲಿದ್ದರೆ, ಇಷ್ಟನ್ನೂ ಸೋಸಲು ಮೂರು ಗಂಟೆಯ ಮೇಲೆ ಬೇಕು. ನಮ್ಮ ಊರುಗಳ ಮುಂಗಾರುಪೂರ್ವ ಮಳೆ ಅಷ್ಟು ತಾಳ್ಮೆಯದಲ್ಲ, ಅಷ್ಟೂ ಅರ್ಧ ಗಂಟೆಯಲ್ಲಿ ಸುರಿದುಬಿಡಬಹುದು. ಅರ್ಧ ಗಂಟೆಯಲ್ಲಿ ಮಣ್ಣಿನೊಳಗೆ ಇಳಿಯುವುದು 3,750 ಲೀಟರ್. ಪಾತಿಯ ತಗ್ಗಿನಲ್ಲಿ 20 ಸೆಂ.ಮೀ. ನೀರು ನಿಂತರೆ ಇನ್ನೂ 10,000 ಲೀಟರ್. ಉಳಿದ ಹನ್ನೊಂದು ಸಾವಿರದಷ್ಟು ಲೀಟರ್ ಉಕ್ಕಿ ನೇರ ಚರಂಡಿಗೆ ಹೋಗುತ್ತದೆ. ಆದರೂ ಪ್ರಯೋಜನವಿಲ್ಲವೆನ್ನುವಂತಿಲ್ಲ. ರಸ್ತೆಯನ್ನು ತೊಳೆದು ತರುವ ಮೊದಲ ನೀರೇ ಅತಿ ಕೊಳಕು, ಪಾತಿಗೆ ಮೊದಲು ಸೇರುವುದೂ ಅದೇ. ಆದರೆ ಇದನ್ನು ನೆರೆ ತಡೆಯುವ ಯಂತ್ರವೆಂದು ಮಾರುವವರಿದ್ದರೆ ಈ ಲೆಕ್ಕವನ್ನು ಅವರ ಮುಂದಿಡಬೇಕು.

ಈಗ ಸಿಯಾಟಲ್‌ನ ಕೊಲೆಗಾರನ ವಿಷಯ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಟಕೋಮಾ ಶಾಖೆಯ ಎಡ್ವರ್ಡ್ ಕೊಲೊಜೆ, ಝೆನ್‌ಯು ಟಿಯಾನ್ ಮತ್ತು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜೆನಿಫರ್ ಮೆಕಿಂಟೈರ್ ಅವರ ತಂಡಕ್ಕೆ ಟೈರಿನ ಪುಡಿಯ ಮೇಲೆ ಅನುಮಾನ ಬಂತು. ಟೈರನ್ನು ತುರಿದು ನೀರಿನಲ್ಲಿ ನೆನೆಸಿದರೆ ಆ ನೀರು ಕೋಹೋ ಮರಿಗಳನ್ನು ಕೊಲ್ಲುತ್ತಿತ್ತು. ಆದರೆ ಅದರಲ್ಲಿ 2000ಕ್ಕೂ ಹೆಚ್ಚು ರಾಸಾಯನಿಕಗಳಿದ್ದವು. ದ್ರವವನ್ನು ಗುಣದ ಪ್ರಕಾರ ಭಾಗ ಮಾಡುವುದು, ಪ್ರತಿ ಭಾಗದಲ್ಲಿ ಮೀನುಮರಿ ಬಿಡುವುದು, ಯಾವುದು ಕೊಲ್ಲುತ್ತದೋ ಅದನ್ನು ಮತ್ತೆ ಭಾಗ ಮಾಡುವುದು. ಹೀಗೆ ಸೋಸುತ್ತ ಸೋಸುತ್ತ ಕೊನೆಗೆ 18 ಇಂಗಾಲ, 22 ಜಲಜನಕ, 2 ಸಾರಜನಕ, 2 ಆಮ್ಲಜನಕ ಪರಮಾಣುಗಳ ಒಂದು ಅಣು ಉಳಿಯಿತು. ಟೈರಿಗೆ ಬೆರೆಸುವ ವಸ್ತುಗಳ ಪಟ್ಟಿಯಲ್ಲಿ ಅಂಥದ್ದು ಇರಲೇ ಇಲ್ಲ. ಟಿಯಾನ್ ಅವರಿಗೆ ಹೊಳೆದದ್ದು ಅದರ ದಾಯಾದಿಯೊಂದು: 6ಪಿಪಿಡಿ. ಟೈರು ಗಾಳಿಯ ಓಝೋನಿಗೆ ಸಿಕ್ಕಿ ಬಿರುಕು ಬಿಡದಿರಲೆಂದು ಬಹುತೇಕ ಎಲ್ಲ ಟೈರುಗಳಿಗೂ ಇದನ್ನು ಬೆರೆಸುತ್ತಾರೆ. ಓಝೋನ್ ಬಂದಾಗ ರಬ್ಬರಿನ ಬದಲು ಇದು ತಾನೇ ಮುಂದೆ ನಿಂತು ಬಲಿಯಾಗುತ್ತದೆ. ಎರಡು ಜಲಜನಕ ಕಳೆದುಕೊಂಡು ಎರಡು ಆಮ್ಲಜನಕ ಪಡೆದ ಆ ಹೊಸ ಅಣುವೇ 6ಪಿಪಿಡಿ-ಕ್ವಿನೋನ್. ಪ್ರಯೋಗಾಲಯದಲ್ಲಿ ಶುದ್ಧ 6ಪಿಪಿಡಿಗೆ ಓಝೋನ್ ಹಾಯಿಸಿ ನೋಡಿದರು. ಅದೇ ಅಣು ಸಿಕ್ಕಿತು. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸುದ್ದಿ ಹೊರಬಿತ್ತು. ಆಮೇಲಿನ ನಿಖರ ಅಳತೆಯಂತೆ ಲೀಟರಿಗೆ 95 ನ್ಯಾನೋಗ್ರಾಂ ಇದ್ದರೆ ಅರ್ಧದಷ್ಟು ಕೋಹೋ ಮರಿಗಳು ಒಂದು ದಿನದಲ್ಲಿ ಸಾಯುತ್ತವೆ. ಅಂದರೆ ಒಂದು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ. ಅದೇ ನೀರಿನಲ್ಲಿ ಚಮ್ ಎಂಬ ಇನ್ನೊಂದು ಸಾಲ್ಮನ್ ಜಾತಿ ಏನೂ ಆಗದಂತೆ ಈಜುತ್ತಿರುತ್ತದೆ.

ಈ ಅಣು ಎಣ್ಣೆಯ ಸ್ವಭಾವದ್ದು. ನೀರಿಗಿಂತ ಇಂಗಾಲದ ಸಹವಾಸ ಅದಕ್ಕೆ ಇಷ್ಟ. ಪೀಪಾಯಿಯ ಕಾಂಪೋಸ್ಟ್, ತೊಗಟೆಗಳು ಅದನ್ನು ಹಿಡಿದಿಟ್ಟದ್ದು ಹೀಗೆ. ಕೆನಡಾದ ವ್ಯಾಂಕೂವರ್‌ನಲ್ಲಿ ರಸ್ತೆಬದಿಯ ನಿಜವಾದ ಪಾತಿಯೊಂದನ್ನೇ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ, ತೊರೆ ಸೇರುವ 6ಪಿಪಿಡಿ-ಕ್ವಿನೋನ್ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆಂದು ತೋರಿಸಿತು. ಅದೇ ವರ್ಷ ಯೂರೋಕ್, ಪೋರ್ಟ್ ಗ್ಯಾಂಬಲ್ ಸ್‌ಕ್ಲಾಲಮ್, ಪುಯಲಪ್ ಬುಡಕಟ್ಟುಗಳು ಟೈರಿನಲ್ಲಿ ಈ ವಸ್ತುವನ್ನೇ ನಿಷೇಧಿಸಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಹಾಕಿದವು. ಸಂಸ್ಥೆ ಅರ್ಜಿಯನ್ನು ಪುರಸ್ಕರಿಸಿತು. ವಿಷವನ್ನು ಹುಟ್ಟುವಲ್ಲೇ ನಿಲ್ಲಿಸುವುದು ಸೋಸುವುದಕ್ಕಿಂತ ಮೇಲು, ಇದರಲ್ಲಿ ಎರಡು ಮಾತಿಲ್ಲ. ಆದರೆ ಟೈರಿನ ಬದಲಿ ರಾಸಾಯನಿಕವನ್ನು ಹುಡುಕಿ, ಸುರಕ್ಷತೆ ಪರೀಕ್ಷಿಸಿ, ಹಳೆಯ ಟೈರುಗಳೆಲ್ಲ ಸವೆದುಹೋಗುವ ತನಕ ಮಳೆ ಕಾಯುವುದಿಲ್ಲ.

ಬೆಂಗಳೂರಿನ ಓದುಗರಿಗೆ ಇಲ್ಲಿ ಒಂದು ಮಾತು ಒತ್ತಿ ಹೇಳಬೇಕೆನಿಸುತ್ತದೆ. ನಮ್ಮಲ್ಲಿ ಮಳೆನೀರು ಕೊಯ್ಲು ಕಾನೂನಾಗಿದೆ, ಇಂಗುಬಾವಿಗಳು ಹೆಚ್ಚುತ್ತಿವೆ, ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರ ಕೈಗೆ ಮತ್ತೆ ಕೆಲಸ ಸಿಕ್ಕಿದೆ. ಇದೆಲ್ಲ ಸಂತೋಷದ ವಿಷಯ. ಆದರೆ ಚಾವಣಿಯ ನೀರು ಬೇರೆ, ರಸ್ತೆಯ ನೀರು ಬೇರೆ. ಇಂಗುಬಾವಿ ಮೇಲ್ಮಣ್ಣನ್ನು ದಾಟಿ ನೀರನ್ನು ನೇರ ಆಳಕ್ಕೆ ಇಳಿಸುತ್ತದೆ. ಸೋಸುವ ಶಕ್ತಿಯೆಲ್ಲ ಇರುವುದು ಹ್ಯೂಮಸ್, ಬೇರು, ಜೀವಾಣುಗಳಿರುವ ಆ ಮೇಲ್ಮಣ್ಣಿನಲ್ಲೇ. ಚಾವಣಿಯ ನೀರಿಗೆ ಸಣ್ಣ ಸೋಸುಕ ಸಾಕಾದೀತು. ರಸ್ತೆಯ ನೀರನ್ನು ಹಾಗೇ ಬಾವಿಗೆ ಬಿಟ್ಟರೆ ಟೈರು, ಬ್ರೇಕು, ಎಣ್ಣೆಯ ಉಳಿಕೆಗಳನ್ನು ಅಂತರ್ಜಲಕ್ಕೆ ಕೈಯಾರೆ ಕೊಟ್ಟಂತೆ. ಮೊದಲು ಸೋಸುಪಾತಿ, ಆಮೇಲೆ ಬಾವಿ.

ವಿದೇಶದ ಹದವನ್ನು ಇಲ್ಲಿ ಹಾಗೇ ಇಳಿಸಲೂ ಆಗದು. ನಮ್ಮ ಕೆಂಪುಮಣ್ಣಿನಲ್ಲಿ ಜೇಡಿಯ ಪಾಲು ಕಡಿಮೆಯಿಲ್ಲ, ಅದನ್ನೇ ತುಂಬಿದರೆ ಪಾತಿ ಬೇಗ ಕಟ್ಟಿಕೊಳ್ಳುತ್ತದೆ. ಹುಬ್ಬಳ್ಳಿ, ಕಲಬುರಗಿ ಕಡೆಯ ಎರೆಮಣ್ಣು ನೆನೆದಾಗ ಉಬ್ಬಿ ನೀರನ್ನು ತಡೆಯುತ್ತದೆ, ಒಣಗಿದಾಗ ಬಾಯಿಬಿಟ್ಟ ಬಿರುಕಿನಲ್ಲಿ ಸೋಸದೆ ಕೆಳಕ್ಕೆ ಬಿಡುತ್ತದೆ. ಹಾಗಾಗಿ ಎಲ್ಲೆಡೆಯೂ ಮಣ್ಣು ಬೆರೆಸಿಯೇ ತುಂಬಬೇಕು. ಎಂ-ಸ್ಯಾಂಡ್ ಹಾಕುವುದಾದರೆ ಅದರ ಕಲ್ಲುಪುಡಿಯನ್ನು ತೊಳೆದೇ ಹಾಕಬೇಕು, ಆ ಪುಡಿ ಸಂದಿಗಳನ್ನು ಜೇಡಿಯಷ್ಟೇ ಬೇಗ ಮುಚ್ಚುತ್ತದೆ. ಜನವರಿಯಿಂದ ಏಪ್ರಿಲ್ ತನಕದ ಒಣಗಾಲ ತಡೆಯುವ ಗಿಡ ಬೇಕು, ತಳದಲ್ಲಿ ನೀರು ನಿಲ್ಲಿಸುವ ಕೊಳವೆಯೂ ಬೇಕು. ಎಲ್ಲಕ್ಕಿಂತ ಮೊದಲು ಚರಂಡಿಯ ಒಳಚರಂಡಿ ನಂಟು ಕಡಿಯಬೇಕು. ಮೆಲ್ಬರ್ನ್, ಸಿಯಾಟಲ್‌ಗಳ ಪಾತಿ ಮಳೆಗೊಮ್ಮೆ ನೆನೆದು ಮತ್ತೆ ಉಸಿರಾಡುತ್ತದೆ. ನಮ್ಮ ರಾಜಕಾಲುವೆಗಳಂತೆ ಬೇಸಿಗೆಯಲ್ಲೂ ಕೊಳಚೆ ಹರಿಯುವ ಕಡೆ ಇಂಥ ಪಾತಿ ಕೂರಿಸಿದರೆ ಗಾಳಿ ಸಿಗದೆ ಕೆಲವೇ ತಿಂಗಳಲ್ಲಿ ನಾರುವ ಕೆಸರಾಗುತ್ತದೆ. ಆಗ ದೂರು ಬರುವುದು ಮಣ್ಣಿನ ಮೇಲೆ. ಮಳೆನೀರಷ್ಟೇ ಬರುವ ಬೀದಿಯ ತಲೆಭಾಗದಲ್ಲಿ, ರಸ್ತೆಯಂಚಿನಲ್ಲಿ, ಪಾರ್ಕಿಂಗ್ ಜಾಗಗಳ ಬದಿಯಲ್ಲಿ ಸಣ್ಣ ಸಣ್ಣದಾಗಿ ಮಾಡುವುದೇ ಸರಿ.

ಮಾಡಿದ ಮೇಲೆ ನೋಡಿಕೊಳ್ಳುವವರು ಬೇಕು. ನೀರು ಒಳಬರುವ ಬಾಯಿಯಲ್ಲಿ ಪ್ಲಾಸ್ಟಿಕ್, ಎಲೆ ತುಂಬುತ್ತದೆ, ಮಳೆಗಾಲದಲ್ಲಿ ಆಗಾಗ ತೆಗೆಯಬೇಕು. ಮಳೆ ನಿಂತು ಒಂದು ದಿನವಾದರೂ ಪಾತಿಯಲ್ಲಿ ನೀರು ನಿಂತೇ ಇದ್ದರೆ ಮೇಲಿನ ಪದರ ಕಟ್ಟಿಕೊಂಡಿದೆ ಎಂದರ್ಥ. ಎರಡು ಮೂರು ಅಂಗುಲ ಕೆರೆದು ಹೊಸ ಮಿಶ್ರಣ ಹರಡಬೇಕು. ಕೆರೆದ ಆ ಕಪ್ಪುಮಣ್ಣಿನಲ್ಲೇ ವರ್ಷಗಳ ಸತು, ತಾಮ್ರ, ಸೀಸ ಕೂತಿರುತ್ತದೆ. ನೋಡಲು ಒಳ್ಳೆಯ ಗೋಡಿನಂತೆಯೇ ಕಾಣುವುದರಿಂದ ಅದು ಪಾರ್ಕಿನ ಗಿಡಕ್ಕೋ ಯಾರದೋ ಸೊಪ್ಪಿನ ಮಡಿಗೋ ಗೊಬ್ಬರವಾಗಿ ಹೋಗುವ ಸಂಭವ ಹೆಚ್ಚು. ಅದನ್ನು ಪರೀಕ್ಷಿಸಿ, ಬೇರೆಯಾಗಿ ಸಾಗಿಸಿ, ತಕ್ಕ ಜಾಗದಲ್ಲಿ ಹೂಳುವ ಖರ್ಚು ಗುಂಡಿ ತೋಡುವ ಟೆಂಡರಿನಲ್ಲೇ ಸೇರಿರಬೇಕು. ಆ ಕೆಲಸಕ್ಕೆ ಇಳಿಯುವ ಪೌರಕಾರ್ಮಿಕರ ಕೈಗವಸು, ಬೂಟಿನ ಖರ್ಚೂ ಅದೇ ಟೆಂಡರಿನಲ್ಲಿರಬೇಕು.